ಮೊದಲು ನಮ್ಮ ಮೊಬೈಲ್ ಕೆಳಗಿಡೋಣ

ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬುದು ಅನುಭವದ ನುಡಿ. ಸವಣೂರಿನ ತೋಟದ ನಡುವಣ ಮನೆಯಾಗಲಿ, ಪೇಟೆಯ ಮನೆಯಾಗಲಿ, ಮಕ್ಕಳು ಮೊಬೈಲ್ ಬಿಡುವುದಿಲ್ಲವೆಂಬ ದೂರು ಇಂದು ಎಲ್ಲೆಡೆಯೂ ಕೇಳಿಬರುತ್ತಿದೆ. ಈ ಗಾದೆಯನ್ನು ನಾವು ಹಿರಿಯರೇ ಮೊದಲು ಮನನ ಮಾಡಬೇಕಾಗಿದೆ.

ಮಕ್ಕಳ ಕೈಗೆ ಮೊಬೈಲ್ ಬಂದುದಕ್ಕೆ ಕಾರಣವಿತ್ತು. ಕೊರೊನಾ ಕಾಲದಲ್ಲಿ ಪಾಠಗಳೆಲ್ಲ ಅದರಲ್ಲೇ ನಡೆದವು. 2021ರ ಜೂನ್ ತಿಂಗಳಲ್ಲಿ, ನೆರೆಯ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ, ನೆಟ್‌ವರ್ಕ್ ಅರಸಿ ರಸ್ತೆಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ನಾಡಿನ ಮನ ಕಲಕಿತು. ಮುಂದೆ ಶಾಲೆಗಳು ತೆರೆದವು. ಮೊಬೈಲ್ ಮಕ್ಕಳ ಕೈಯಲ್ಲೇ ಉಳಿಯಿತು. ಪಕ್ಕದಲ್ಲಿ ನಿಲ್ಲುವ ಹಿರಿಯರು ಮಾತ್ರ ವಿರಳರಾದರು.

ಈ ಚಟ ಮಕ್ಕಳದಷ್ಟೇ ಅಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2016ರ ‘ಅಮೊರಿಸ್ ಲೆತೀಸಿಯಾ’ದಲ್ಲಿ, ಊಟದ ವೇಳೆಯೂ ಮೊಬೈಲಿನಲ್ಲಿ ಮುಳುಗಿದ ಕುಟುಂಬವನ್ನೂ, ಸಂಗಾತಿಗಾಗಿ ಕಾದು ನಿದ್ದೆಹೋಗುವ ದಂಪತಿಯ ಬಾಳನ್ನೂ ಎತ್ತಿ ತೋರಿದ್ದಾರೆ. ಇನ್ನು ಅಜ್ಜ ಅಜ್ಜಿಯರಿಗೆ ಗಲ್ಫಿನಲ್ಲಿರುವ ಮಕ್ಕಳ ಮುಖ ಕಾಣುವುದೇ ಈ ಪರದೆಯಲ್ಲಿ. ಕರೆ ಮುಗಿದ ಮೇಲೆ ಮಾತಿಗೆ ಯಾರೂ ಸಿಗದೆ, ಅವರೂ ನಡುರಾತ್ರಿಯವರೆಗೆ ವಿಡಿಯೋ ನೋಡುತ್ತ ನಿದ್ದೆಗೆಡುವುದುಂಟು. ಹೀಗೆ ಒಂದೇ ಸೂರಿನಡಿ ಮೂರು ತಲೆಮಾರುಗಳೂ ಒಂಟಿಯಾಗುತ್ತಿವೆ.

ನಿದ್ದೆ, ಓದು, ಕೆಲಸ ಕೆಡುತ್ತಿದ್ದರೂ ಬಿಡಲಾಗದಿದ್ದರೆ, ಮೊಬೈಲ್ ತೆಗೆದಿಟ್ಟೊಡನೆ ಸಿಡುಕು, ಚಡಪಡಿಕೆ ಕಂಡರೆ, ಅದನ್ನು ಬರಿಯ ಹಠವೆಂದು ಗದರಿ ಸುಮ್ಮನಾಗಬಾರದು. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿಯೇ 2014ರಲ್ಲಿ ‘ಶಟ್’ ಕ್ಲಿನಿಕ್ ತೆರೆಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನಸ್ಸಿನ ನೋವಿಗೆ ನೆರವು ಕೇಳುವುದು ಮನೆತನಕ್ಕೆ ಕಳಂಕವಲ್ಲ.

ಬೆಳಗಾವಿ ಸಮೀಪದ ಹಲಗಾ ಗ್ರಾಮಸ್ಥರು ಒಂದು ಕ್ರಮ ಕೈಗೊಂಡರು: ಸಂಜೆ 7ಕ್ಕೆ ಸೈರನ್ ಮೊಳಗಿದೊಡನೆ ಎರಡು ಗಂಟೆ ಕಾಲ ಟಿ.ವಿ., ಮೊಬೈಲ್ ಬಂದ್. ನಮಗೆ ಸೈರನ್ ಬೇಕಿಲ್ಲ. ಮನೆಮಂದಿಯೆಲ್ಲ ಕೂಡಿ ಜಪಸರ ಹೇಳುವ ಸಂಜೆಯ ಹೊತ್ತು ಹಿರಿಯರು ಬಿಟ್ಟುಹೋದ ಆಸ್ತಿಯಾಗಿದೆ. ಪ್ರಾರ್ಥನೆಯಿಂದ ಊಟ ಮುಗಿಯುವವರೆಗೆ ಮೊಬೈಲುಗಳೆಲ್ಲ ಒಂದೆಡೆ ಇರಲಿ: ಮೊದಲು ತಂದೆಯದು, ತಾಯಿಯದು, ಆಮೇಲೆ ಮಗುವಿನದು. ಗಲ್ಫಿನ ಕರೆಗೆ ಬೇರೆ ಹೊತ್ತು ಗೊತ್ತುಮಾಡೋಣ. ಆಗ ಅಜ್ಜಿಯ ಪಕ್ಕದಲ್ಲಿ ಮೊಮ್ಮಗುವೂ ಕುಳಿತಿರಲಿ.