ನಕಲಿ ಜಾಲತಾಣಗಳನ್ನು ಗುರುತಿಸುವ ಬಗೆ

1931ರಲ್ಲಿ ಮಂಗಳೂರಿನಲ್ಲಿ ಜನ್ಮ ತಾಳಿದ ವಿಜಯಾ ಬ್ಯಾಂಕು, 1908ರಲ್ಲಿ ವಡೋದರದಲ್ಲಿ ಸ್ಥಾಪಿತವಾದ ಬ್ಯಾಂಕ್ ಆಫ್ ಬರೋಡಾದಲ್ಲಿ 2019ರ ಏಪ್ರಿಲ್ 1ರಂದು ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನೂ ಸೇರಿದವು. ಊರಿನಲ್ಲಿ ತೆರೆದ ಖಾತೆಯನ್ನು ಸಚಿನ್, ಸೂರತ್‌ಗಳಿಗೆ ಬಂದ ಬಳಿಕವೂ ಉಳಿಸಿಕೊಂಡವರಿಗೆ ಬ್ಯಾಂಕಿನ ಹೆಸರು, ಶಾಖೆಯ ಸಂಕೇತ, ಜಾಲತಾಣ ಎಲ್ಲವೂ ಬದಲಾದವು. ಇಂತಹ ಗೊಂದಲವೇ ವಂಚಕರಿಗೆ ಸುಗ್ಗಿ.

“ನಿಮ್ಮ ಖಾತೆ ಇಂದೇ ಸ್ಥಗಿತವಾಗಲಿದೆ, ಈ ಕೊಂಡಿಯನ್ನು ಒತ್ತಿ ವಿವರ ತುಂಬಿರಿ” ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಒತ್ತಿದರೆ ತೆರೆಯುವ ಪುಟದಲ್ಲಿ ಬ್ಯಾಂಕಿನ ಲಾಂಛನ, ಬಣ್ಣ ಎಲ್ಲವೂ ಯಥಾವತ್ತಾಗಿರುತ್ತವೆ. ಇವುಗಳ ನಕಲು ಬಹು ಸುಲಭ. ಆದುದರಿಂದ ಪುಟದ ಅಂದವನ್ನಲ್ಲ, ಅದರ ವಿಳಾಸವನ್ನು ನೋಡಬೇಕು.

ಲಕೋಟೆಯ ಮೊದಲ ಸಾಲಿನಲ್ಲಿ ಯಾರ ಹೆಸರನ್ನು ಬರೆದರೂ ಕಾಗದವು ಹೋಗುವುದು ಕೊನೆಯ ಸಾಲಿನ ಊರಿಗೆ. ಜಾಲತಾಣದ ವಿಳಾಸವೂ ಹಾಗೆಯೇ. ಹೆಸರಿನ ನಂತರ ಬರುವ ಓರೆಗೆರೆಯಿಂದ ಹಿಮ್ಮುಖವಾಗಿ ಅದನ್ನು ಓದಬೇಕು. ರಿಸರ್ವ್ ಬ್ಯಾಂಕಿನ ಆದೇಶದಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯುಳ್ಳ ವಿಳಾಸಕ್ಕೆ ವರ್ಗಾಯಿಸಬೇಕಿತ್ತು. ಈ ಕೊನೆಯು ಬ್ಯಾಂಕುಗಳಿಗಷ್ಟೇ ಮೀಸಲು. ಆರಂಭದಲ್ಲಿ ‘ಬ್ಯಾಂಕ್ ಆಫ್ ಬರೋಡಾ’ ಎಂದಿದ್ದು ಕೊನೆಯಲ್ಲಿ ‘ಡಾಟ್ ಕಾಮ್’ ಎಂದಿರುವ ಅಪರಿಚಿತ ಹೆಸರಿದ್ದರೆ ಆ ತಾಣ ಅಪರಿಚಿತನದೇ.

ವಿಳಾಸದ ಬಳಿ ಕಾಣುವ ಬೀಗದ ಗುರುತನ್ನು ನಂಬಿ ಮೋಸಹೋಗುವವರುಂಟು. ಅಂಟಿಸಿದ ಲಕೋಟೆಯನ್ನು ದಾರಿಯಲ್ಲಿ ಯಾರೂ ಓದಲಾರರು, ನಿಜ. ಆದರೆ ಅದನ್ನು ಪಡೆಯುವವನು ಸಜ್ಜನನೆಂದು ಅದರಿಂದ ತಿಳಿಯದು. ಬೀಗದ ಅರ್ಥವೂ ಇಷ್ಟೇ.

70 ವರ್ಷ ದಾಟಿದವರಿಗೆ, ಆದಾಯವನ್ನು ಲೆಕ್ಕಿಸದೆ, ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ರಕ್ಷಣೆ ನೀಡುವ ಆಯುಷ್ಮಾನ್ ವಯ ವಂದನಾ ಕಾರ್ಡು 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಊರಿನಲ್ಲಿರುವ ವೃದ್ಧ ತಂದೆತಾಯಿಯರ ಆಧಾರ್ ವಿವರವನ್ನು ಇದಕ್ಕಾಗಿ ತುಂಬುವ ಮಕ್ಕಳು, ತಾಣದ ವಿಳಾಸವು ‘ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯುವುದೆಂದು ಖಚಿತಪಡಿಸಿಕೊಳ್ಳಬೇಕು.

ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತದೆ, ಶಾಖೆಯಲ್ಲಿ ಕೇಳಿ ಪಡೆದ ವಿಳಾಸವನ್ನು ಸ್ವತಃ ಬರೆದು ತಾಣವನ್ನು ತೆರೆಯುವುದು ಉತ್ತಮ. ಗುಪ್ತಪದ, ಪಿನ್, ಓಟಿಪಿಗಳನ್ನು ಕೇಳಿದವರಿಗೆಲ್ಲ ಕೊಡುವುದು ತಿಜೋರಿಯ ಕೀಲಿಕೈಯನ್ನೇ ಕೊಟ್ಟಂತೆ.

ಎಲ್ಲ ಎಚ್ಚರಿಕೆಯನ್ನೂ ಮೀರಿ ಹಣ ಹೋದರೆ ತಕ್ಷಣವೇ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ನೀಡಬೇಕು. ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗುವ ಮುನ್ನ ಅದನ್ನು ತಡೆಯಲು ಸಾಧ್ಯವಿದೆ. ಮೋಸಹೋದೆನೆಂಬ ನಾಚಿಕೆಯಿಂದ ಮನೆಯವರಿಗೂ ಹೇಳದೆ ಕಳೆಯುವ ಒಂದು ರಾತ್ರಿ ವಂಚಕನಿಗೆ ಸಾಕು. ರೋಗವನ್ನು ಮುಚ್ಚಿಟ್ಟರೆ ಉಲ್ಬಣಿಸುವಂತೆ ಈ ನಷ್ಟವೂ ಮುಚ್ಚಿಟ್ಟಷ್ಟೂ ಹೆಚ್ಚುತ್ತದೆ.