ಬೋಲ್ಟಿನ ತಲೆಯ ಮೇಲಿನ ಅಂಕಿಗಳು

ಕಲಬುರಗಿಯಿಂದ ಹುಮನಾಬಾದಿನ ಹಾದಿಯಲ್ಲಿ ಸುಮಾರು 35 ಕಿಲೋಮೀಟರು ಸಾಗಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಕ್ಕುತ್ತದೆ. ಈ ಹಾದಿಯಲ್ಲಿ ಗಂಟೆಗೆ 72 ಕಿಲೋಮೀಟರು ವೇಗದಿಂದ ಓಡುವ, 1,000 ಕಿಲೋಗ್ರಾಂ ತೂಗುವ ಕಾರೊಂದನ್ನು ಊಹಿಸಿಕೊಳ್ಳೋಣ. ಅದರ ಚಲನಶಕ್ತಿ 2 ಲಕ್ಷ ಜೂಲ್. ಎತ್ತಿನ ಗಾಡಿಯೊಂದು ಅಡ್ಡ ಬಂದಿತೆನ್ನಿ. ಈ ಶಕ್ತಿಯ ಬಹುಭಾಗವು ಕೆಲವೇ ಸೆಕೆಂಡುಗಳಲ್ಲಿ ಬ್ರೇಕುಗಳಲ್ಲಿ ಉಷ್ಣವಾಗಿ ಮಾರ್ಪಡಬೇಕು. 2 ಲಕ್ಷ ಜೂಲ್ ಉಷ್ಣವು ಅರ್ಧ ಲೀಟರಿಗೂ ಮಿಕ್ಕ ನೀರನ್ನು 20 ಡಿಗ್ರಿಯಿಂದ ಕುದಿಬಿಂದುವಿಗೆ ಏರಿಸಬಲ್ಲುದು. ಇಂತಹ ಕಾರ್ಯ ನಡೆಸುವ ಕ್ಯಾಲಿಪರನ್ನು ಸಾಮಾನ್ಯವಾಗಿ ಹಿಡಿದಿರುವುದು ಬೆರಳು ಗಾತ್ರದ ಎರಡು ಬೋಲ್ಟುಗಳು!

ಚಕ್ರದೊಡನೆ ತಿರುಗುವ ತಟ್ಟೆಯನ್ನು, ಅಂದರೆ ಡಿಸ್ಕನ್ನು, ಇಕ್ಕೆಲಗಳಿಂದಲೂ ಒತ್ತಿ ಹಿಡಿಯುವ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರನು 1902ರಲ್ಲಿಯೇ ಪೇಟೆಂಟ್ ಪಡೆದನು. ಇಂದಿನ ಕಾರಿನಲ್ಲಿ ಚಾಲಕನು ಪೆಡಲನ್ನು ತುಳಿದಾಗ, ಕೊಳವೆಯ ದ್ರವದಲ್ಲುಂಟಾದ ಒತ್ತಡವು ಪಾಸ್ಕಲನ ನಿಯಮದಂತೆ ಕುಂದದೆ ಕ್ಯಾಲಿಪರಿನ ಪಿಸ್ಟನ್ನನ್ನು ತಲುಪುತ್ತದೆ. ಪಿಸ್ಟನ್ನು ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ತಿರುಗುವ ಡಿಸ್ಕು ಪ್ಯಾಡುಗಳನ್ನು ತನ್ನೊಡನೆ ಸೆಳೆದೊಯ್ಯಲು ಯತ್ನಿಸುತ್ತದೆ. ಆ ಸೆಳೆತಕ್ಕೆ ಜಗ್ಗದೆ ಕ್ಯಾಲಿಪರನ್ನು ನಿಲ್ಲಿಸುವ ಹೊಣೆ ಬೋಲ್ಟುಗಳದು.

ಇವುಗಳಲ್ಲಿ ಒಂದು ತುಕ್ಕು ಹಿಡಿದು ಕೆಟ್ಟಿತೆನ್ನೋಣ. ಅದೇ ಗಾತ್ರದ ಬೋಲ್ಟನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದು ಹಾಕಿದರಾಗದೆ? ಆಗದು. ಬೋಲ್ಟಿನ ತಲೆಯ ಮೇಲೆ ಅಚ್ಚೊತ್ತಿರುವ ಅಂಕಿಗಳನ್ನು ನೋಡಿರಿ. 10.9 ಎಂದಿದ್ದರೆ, ಅದು ತುಂಡಾಗುವ ಮುನ್ನ ಪ್ರತಿ ಚದರ ಮಿಲಿಮೀಟರಿಗೆ 1,000 ನ್ಯೂಟನ್ ಎಳೆತವನ್ನು ತಾಳಬಲ್ಲುದು. ಅದರ ಶೇಕಡಾ 90ರವರೆಗೆ ಶಾಶ್ವತವಾಗಿ ಹಿಗ್ಗದು. 4.6 ಎಂಬುದು ತಾಳುವುದು 400 ನ್ಯೂಟನ್. ಅದೂ 240ಕ್ಕೇ ಹಿಗ್ಗತೊಡಗುವುದು. ನೋಟಕ್ಕೆ ಎರಡೂ ಒಂದೇ.

ತಿರುಪಿನ ಎಳೆಗಳ, ಅಂದರೆ ಥ್ರೆಡ್ಡುಗಳ, ನಡುವಣ ಅಂತರವೂ ಮುಖ್ಯ. 12 ಮಿಲಿಮೀಟರು ವ್ಯಾಸದ ಬೋಲ್ಟುಗಳಲ್ಲಿಯೇ 1.25, 1.5 ಮತ್ತು 1.75 ಮಿಲಿಮೀಟರು ಅಂತರದವು ಉಂಟು. ಹೊಂದದ ಬೋಲ್ಟು ಒಂದೆರಡು ಸುತ್ತು ಒಳಹೋಗಿ ನಿಲ್ಲುವುದು. ಪಾನಾ ಹಾಕಿ ಬಲವಂತ ಮಾಡಿದರೆ ಎದುರಿನ ಎಳೆಗಳೂ ಹಾಳಾಗುವುವು.

ಬಿಗಿದ ಬೋಲ್ಟು ತುಸು ಹಿಗ್ಗಿ, ಎಳೆದ ಸ್ಪ್ರಿಂಗಿನಂತೆ ಲೋಹಗಳನ್ನು ಅವುಚಿ ಹಿಡಿಯುತ್ತದೆ. ಬಿಗಿತ ಸಾಲದಿದ್ದರೆ ಅದು ಸಡಿಲವಾಗುವುದು; ಮಿತಿಮೀರಿದರೆ ಮರಳಿ ಕುಗ್ಗಲಾರದೆ ದುರ್ಬಲವಾಗುವುದು. ಆದುದರಿಂದ ತಯಾರಕರು ಗೊತ್ತುಪಡಿಸಿದ ಬಿಗಿತವನ್ನು ಟಾರ್ಕ್ ರೆಂಚಿನಿಂದ ಅಳೆದೇ ಬಿಗಿಯಬೇಕು.

ಕ್ಯಾಲಿಪರಿನ ಒಳಗಿನ ರಬ್ಬರು ಸೀಲಿನ ಕೆಲಸ ಇನ್ನೂ ಸ್ವಾರಸ್ಯಕರ. ಅದು ದ್ರವ ಸೋರದಂತೆ ತಡೆಯುವುದಲ್ಲದೆ, ಪಿಸ್ಟನ್ನು ಮುಂದೆ ಸರಿದಾಗ ಬಾಗಿ, ಪೆಡಲು ಬಿಟ್ಟೊಡನೆ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಸೀಲು ಗಡುಸಾದರೆ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುವುದು. ಈ ಸೀಲಿಗೆ ಪೆಟ್ರೋಲನ್ನಾಗಲಿ ಎಂಜಿನ್ ಎಣ್ಣೆಯನ್ನಾಗಲಿ ಸೋಕಿಸಬಾರದು. ರಬ್ಬರು ಊದಿಕೊಂಡು ಕೆಡುವುದು. ಬ್ರೇಕ್ ದ್ರವವಾದರೋ ಗಾಳಿಯ ತೇವವನ್ನು ಹೀರುವಂಥದು. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದು ಆವಿಯಾದರೆ ಪೆಡಲು ಮೆತ್ತಗಾಗಿ ಬ್ರೇಕು ಹಿಡಿಯದು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಸೀಮೆಯಲ್ಲಿ ಇದನ್ನು ಮರೆಯಲಾಗದು.

ಕಮಲಾಪುರದಲ್ಲಿ ದೊರೆಯದ ಭಾಗಕ್ಕಾಗಿ ಕಲಬುರಗಿಗೆ ಹೊರಡುವವರು ಬರಿಗೈಯಲ್ಲಿ ಹೋಗಬಾರದು. ಹಳೆಯ ಬೋಲ್ಟು, ಕಾರಿನ ಮಾದರಿ, ತಯಾರಾದ ವರ್ಷ, ಚಾಸಿಸ್ ಸಂಖ್ಯೆ, ಕ್ಯಾಲಿಪರಿನ ಮೈಮೇಲಿನ ಗುರುತು, ಪಿಸ್ಟನ್ನಿನ ವ್ಯಾಸ, ಇಷ್ಟೂ ಜೊತೆಗಿರಲಿ. ಸೀಲು ಮತ್ತು ಧೂಳುರಕ್ಷೆಗಳನ್ನು ಒಂದೇ ರಿಪೇರಿ ಕಿಟ್ಟಿನಲ್ಲಿ ಕೊಳ್ಳುವುದು ಲೇಸು. ದ್ರವದ ಕೊಳವೆಯನ್ನು ಸೇರಿಸುವ ಟೊಳ್ಳು ಬೋಲ್ಟಿಗೆ ಹೊಸ ವಾಷರುಗಳನ್ನೇ ಹಾಕಬೇಕು. ಕೊನೆಗೆ ಕೊಳವೆಯ ಗಾಳಿಯನ್ನು ಪೂರ್ತಿ ಹೊರಡಿಸಬೇಕು. ಸರಿಯಾದ ಬೋಲ್ಟು ಆ ದಿನ ದೊರೆಯದಿದ್ದರೆ ಕಾರು ಅಂಗಳದಲ್ಲಿಯೇ ನಿಂತಿರಲಿ. ಬಸ್ಸಿನಲ್ಲಿ ಹೋಗಿಬಂದರೆ ನಷ್ಟವೇನೂ ಇಲ್ಲ.