ದಣಿವಿನ ಮಾನವಿಚಾರ

ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಮಾರಿಕಣಿವೆಯ ಜಲಾಶಯದಲ್ಲಿ ನೀರೆಷ್ಟಿದೆಯೆಂಬುದನ್ನು ಅಡಿಗಳ ಲೆಕ್ಕದಲ್ಲಿ ಓದಬಹುದು. 130 ಅಡಿಯಾದರೆ ಕೋಡಿ ಹರಿಯುವುದು. 1933ರಲ್ಲಿ ತುಂಬಿದ್ದು ಮರಳಿ ತುಂಬಿದ್ದು 2022ರಲ್ಲಿಯೇ ಎಂಬುದನ್ನು ಈ ಸೀಮೆಯವರೆಲ್ಲರೂ ಬಲ್ಲರು. ಮನುಷ್ಯನ ದೇಹಶಕ್ತಿಗೆ ಅಂತಹ ಅಳತೆಗೋಲಿಲ್ಲವಾದುದರಿಂದ, ದಣಿವನ್ನು ಅಳೆಯುವುದೆಂತೆಂಬ ಪ್ರಶ್ನೆಯು ಕಡೆಗೆ ಶಬ್ದಾರ್ಥದ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಸೆರೆಬ್ರಲ್ ಪಾಲ್ಸಿಯೆಂಬುದು ಜನನಕ್ಕೆ ಮೊದಲಾಗಲಿ, ಜನನಕಾಲದಲ್ಲಾಗಲಿ, ಶೈಶವದಲ್ಲಾಗಲಿ ಮೆದುಳಿಗೆ ಉಂಟಾದ ಹಾನಿಯಿಂದ ಅಂಗಚಲನೆಯು ಕೆಡುವ ಸ್ಥಿತಿ. ಆ ಹಾನಿಯು ಬೆಳೆಯತಕ್ಕದ್ದಲ್ಲ. ಆದರೆ ಅದರೊಡನೆ ಬಾಳುವ ದೇಹಕ್ಕೆ ವಯಸ್ಸಾಗುತ್ತದೆ. ಬೆಂಗಳೂರಿನಲ್ಲಿ 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಸ್ಥಾಪಿತವಾದಾಗ ಬಾಲಕರಾಗಿದ್ದವರು ಈಗ ಮಧ್ಯವಯಸ್ಕರು. ನಾರ್ವೆ ದೇಶದಲ್ಲಿ ಇಂತಹ 406 ಮಂದಿ ವಯಸ್ಕರನ್ನು ವಿಚಾರಿಸಿ 2003ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಇತರ ಜನರಿಗಿಂತ ಇವರಿಗೆ ಶಾರೀರಿಕವಾದ ದಣಿವು ಅಧಿಕವೆಂದೂ ಮಾನಸಿಕವಾದುದು ಅಧಿಕವಲ್ಲವೆಂದೂ ಕಂಡುಬಂದಿತು.

ಈ ವಿಭಾಗವು ನಮ್ಮವರಿಗೆ ಅಪರಿಚಿತವಲ್ಲ. ಭರತನು ವ್ಯಭಿಚಾರಿಭಾವಗಳಲ್ಲಿ ಗ್ಲಾನಿ, ಶ್ರಮ, ಆಲಸ್ಯಗಳನ್ನು ಬೇರೆಬೇರೆಯಾಗಿ ಎಣಿಸಿದ್ದಾನೆ. ಸುಶ್ರುತಸಂಹಿತೆಯ ಶಾರೀರಸ್ಥಾನವು ಕ್ಲಮವನ್ನು ಹೇಳುವ ಬಗೆ ಇನ್ನೂ ಸೂಕ್ಷ್ಮವಾದುದು: ಆಯಾಸವಿಲ್ಲದೆ ಹುಟ್ಟಿ, ಏದುಸಿರಿಲ್ಲದೆ ಬೆಳೆದು, ಇಂದ್ರಿಯವ್ಯಾಪಾರವನ್ನು ತಡೆಯುವ ಬಳಲಿಕೆಯೇ ಕ್ಲಮ. ಇಲ್ಲಿ ಆಯಾಸವೆಂದರೆ ಪ್ರಯತ್ನ. ಕನ್ನಡದಲ್ಲಿಯಾದರೋ ಅದು ಪ್ರಯತ್ನದ ಫಲವಾದ ದಣಿವೇ ಆಗಿಬಿಟ್ಟಿದೆ.

ಭರತನು ಭಾವವನ್ನು ಅನುಭಾವದಿಂದ ತಿಳಿಯಗೊಡುತ್ತಾನೆ: ಮಂದಗತಿ, ಕ್ಷೀಣವಾದ ಮಾತು ಇವು ಗ್ಲಾನಿಯ ಚಿಹ್ನೆಗಳು. ರಂಗದಲ್ಲಿ ಇದು ಸಾಧು. ಆದರೆ ನಡೆಯೇ ಸದಾ ಮಂದವಾಗಿ, ಮಾತೇ ಸದಾ ತೊಡಕಾಗಿರುವವನಲ್ಲಿ ಈ ಚಿಹ್ನೆಗಳು ಏನನ್ನು ತಿಳಿಸಿಯಾವು? ದಣಿಯದಿದ್ದಾಗಲೂ ದಣಿದವನೆಂದು ಕನಿಕರಿಸುವರು; ನಿಜವಾಗಿ ದಣಿದಾಗ ಬೇರೆ ಚಿಹ್ನೆ ಕಾಣದೆ ಸೋಮಾರಿಯೆನ್ನುವರು. ಎರಡನೆಯದೇ ಹೆಚ್ಚು ಕ್ರೂರವೆಂದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಅನುಭವಿಸುವವನ ಮಾತೇ ಮುಖ್ಯಪ್ರಮಾಣ; ನಾಲಗೆ ತೊಡರಿದರೆ ಬೆರಳಿನಿಂದಲೋ ಕಣ್ಣಿನಿಂದಲೋ ತೋರಿಸಿದುದೂ ಮಾತೇ.

ಕ್ರಪ್ ಮೊದಲಾದವರು 1989ರಲ್ಲಿ ಅನ್ಯರೋಗಗಳಿಗಾಗಿ ರಚಿಸಿದ ದಣಿವಿನ ಮಾಪನದಲ್ಲಿ 9 ವಾಕ್ಯಗಳಿದ್ದು, ಪ್ರತಿಯೊಂದಕ್ಕೂ ಎಷ್ಟರಮಟ್ಟಿಗೆ ಒಪ್ಪುವೆನೆಂಬುದನ್ನು 1ರಿಂದ 7ರೊಳಗಿನ ಅಂಕದಿಂದ ಸೂಚಿಸಬೇಕು. ಸೆರೆಬ್ರಲ್ ಪಾಲ್ಸಿಯುಳ್ಳ ತರುಣರಿಗೆಂದೇ ಕೆನಡಾದ ಬ್ರಂಟನ್ ಮತ್ತು ಬಾರ್ಟ್‌ಲೆಟ್ ಎಂಬವರು ರಚಿಸಿದ ಪ್ರಶ್ನಾವಳಿ 2017ರಲ್ಲಿ ಪ್ರಕಟವಾಯಿತು. ದಣಿವಿನ ತೀವ್ರತೆಯನ್ನಲ್ಲದೆ ಅದು ಬಾಳಿನ ಮೇಲೆ ಮಾಡುವ ಪರಿಣಾಮವನ್ನೂ ಅದು ವಿಚಾರಿಸುತ್ತದೆ.

ಇವನ್ನು ಕನ್ನಡಕ್ಕೆ ತರುವವರು ಯಾವ ಶಬ್ದವನ್ನು ಇಡಬೇಕು? "ಸುಸ್ತು" ಎಂದರೆ ಜ್ವರದ ನಿಶ್ಶಕ್ತಿಯೂ ಸೇರುತ್ತದೆ. "ಸಾಕಾಯಿತು" ಎಂಬಲ್ಲಿ ಬೇಸರವೂ ಬೆರೆತಿದೆ. "ಕ್ಲಮ" ಶಾಸ್ತ್ರಶುದ್ಧವಾದರೂ ಹಿರಿಯೂರಿನ ಸಂತೆಯಲ್ಲಿ ಯಾರಿಗೂ ತಿಳಿಯದು. "ದಣಿವು" ಎಂಬುದನ್ನೇ ಇಟ್ಟು, ಕೈಕಾಲು ಸೋಲುವುದನ್ನೂ ಮನಸ್ಸು ಒಲ್ಲೆನ್ನುವುದನ್ನೂ ಎರಡು ಪ್ರತ್ಯೇಕ ಪ್ರಶ್ನೆಗಳಾಗಿ ಕೇಳಬೇಕು. ಕೆಲಸ ಮಾಡಿದ ಮೇಲೆ ಬಂದುದೋ, ಮಾಡದೆಯೇ ಬಂದುದೋ, ಎಷ್ಟು ಹೊತ್ತು ಮಲಗಿದರೆ ಇಳಿಯುವುದೋ ಎಂಬುದನ್ನು ಅವುಗಳ ಬೆನ್ನಿಗೇ ವಿಚಾರಿಸತಕ್ಕದ್ದು.